ಆಯಿಯ ಮುಖಕ್ಕೆ ಆಯಿಯದೇ ಬಣ್ಣ

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಿಂದ ಬಂದ ಆ ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿ, ಮೇಲೊಂದು ಸುತಳಿ ಬಿಗಿದು ತಂದಿದ್ದರು. ಬಿಚ್ಚಿದೆ. ಮರದ ಕಟ್ಟು, ಒಡೆಯದೆ ಉಳಿದ ಗಾಜು, ಗಾಜಿನ ಹಿಂದೆ 1986ರ ಒಂದು ಮದುವೆ. ಮುಂದೆ ಮದುಮಕ್ಕಳು, ಹಿಂದೆ ಮುತ್ಯಾ ಮತ್ತು ಆಯಿ, ಎಂದರೆ ಅಜ್ಜ ಮತ್ತು ಅಜ್ಜಿ. ಇಡೀ ಚಿತ್ರ ಸುಟ್ಟ ಇಟ್ಟಿಗೆಯ ಕೆಂಪಿಗೆ ತಿರುಗಿತ್ತು. ಮುತ್ಯಾನ ಬಿಳಿ ಧೋತರ ಕೆನೆಗಟ್ಟಿದ ಹಾಲಿನ ಬಣ್ಣಕ್ಕೆ ಬಂದಿತ್ತು, ಕಪ್ಪು ಕೂದಲು ಕಂದಿತ್ತು. ಬಲಗಡೆ ಮಾಳಿಗೆ ಸೋರಿದ ನೀರು ಕಟ್ಟಿನೊಳಗೆ ಇಳಿದು ಆಯಿಯ ಭುಜದವರೆಗೆ ಮಣ್ಣು ಬಣ್ಣದ ಗೆರೆ ಎಳೆದಿತ್ತು. ಕೆಳಗಿನ ಮೂಲೆ ಗಾಜಿಗೇ ಅಂಟಿತ್ತು.

"ಆಯಿದು ಇದೊಂದೇ ಫೋಟೋ ಅದ ರೀ" ಎಂದ ಫೋಟೋ ತಂದಿದ್ದ ಮೊಮ್ಮಗ. ಆಮೇಲೆ ತನ್ನ ಮೊಬೈಲ್ ತೆಗೆದು ಇನ್ನೊಂದು ಚಿತ್ರ ತೋರಿಸಿದ. ಯಾವುದೋ ಆ್ಯಪ್ ಮಾಡಿಕೊಟ್ಟ ಪ್ರತಿ. ಕೆಂಪು ಹೋಗಿತ್ತು, ಗೆರೆ ಹೋಗಿತ್ತು, ಮುಖ ಹೊಳೆಯುತ್ತಿತ್ತು. ಆದರೆ ಆಯಿ ಬೆಳ್ಳಗಾಗಿದ್ದಳು. ಗಲ್ಲದ ಮೇಲಿನ ಹಚ್ಚೆ ಮಾಯವಾಗಿತ್ತು. ಮುತ್ಯಾನ ಹಣೆಯ ವಿಭೂತಿಯ ಮೂರು ಪಟ್ಟೆಗಳಲ್ಲಿ ಒಂದೂವರೆ ಅಳಿಸಿ ಹೋಗಿತ್ತು, ಅದನ್ನೂ ಫೋಟೋದ ಗೀರು ಎಂದೇ ಆ್ಯಪ್ ತಿಳಿದಿರಬೇಕು.

"ಮನ್ಯಾಗ ತೋರಿಸ್ದೆ ರೀ. ನಮ್ಮವ್ವ ನೋಡಿ, ಇಕಿ ಯಾರು ಅಂದಳು."

ಸ್ವಂತ ಮಗಳೇ ತಾಯಿಯ ಗುರುತು ಹಿಡಿಯಲಿಲ್ಲವೆಂದರೆ ಆ ಕೆಲಸ ಆಗಲೇ ಇಲ್ಲ. ಹಾಳಾದ ಫೋಟೋದ ಬಣ್ಣ ತಿದ್ದುವಾಗ ನನ್ನ ಪರೀಕ್ಷೆ ಅದೊಂದೇ. ಆ ಮುಖವನ್ನು ಕಂಡವರು ಗುರುತು ಹಿಡಿಯಬೇಕು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಗಿಂಪ್‌ನಂಥ ಉಚಿತ ತಂತ್ರಾಂಶ ಸಾಕು, ಎರಡು ಸಂಜೆಯ ಸಮಾಧಾನ ಸಾಕು. ಆದರೆ ಬಣ್ಣ ಯಾಕೆ ಕೆಟ್ಟಿತು ಎಂದು ಮೊದಲು ತಿಳಿದಿರಬೇಕು.

ಕಲರ್ ಫೋಟೋದಲ್ಲಿ ಇರುವುದು ಮೂರೇ ರಂಗು. ಹಸಿರು ಬೆರೆತ ನೀಲಿಯಾದ ಸಯಾನ್, ಗುಲಾಬಿ ನೇರಳೆಯಾದ ಮಜೆಂಟಾ, ಮತ್ತು ಹಳದಿ. ಕಾಗದದ ಮೇಲೆ ಜೆಲಟಿನ್ನಿನ ತೆಳು ಪದರಗಳಲ್ಲಿ ಇವು ಕೂತಿರುತ್ತವೆ: ಎಲ್ಲಕ್ಕಿಂತ ಮೇಲೆ ಸಯಾನ್, ನಡುವೆ ಮಜೆಂಟಾ, ತಳದಲ್ಲಿ ಹಳದಿ. ಸಯಾನ್ ಕೆಂಪು ಬೆಳಕನ್ನು ತಡೆಯುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಮೂರೂ ಒಂದೇ ಹದದಲ್ಲಿ ಮಾಸಿದ್ದರೆ ಫೋಟೋ ಬರೀ ತೆಳುವಾಗುತ್ತಿತ್ತು. ಹಾಗಾಗುವುದಿಲ್ಲ. 1970ರ ದಶಕದಿಂದ 80ರ ದಶಕದ ನಡುವಿನವರೆಗಿನ ಬಹಳಷ್ಟು ಕಾಗದಗಳಲ್ಲಿ ಸೆಕೆಗೆ ಮೊದಲು ಸೋತದ್ದು ಸಯಾನ್. ಟ್ರಂಕಿನ ಕತ್ತಲಲ್ಲಿ ಇಟ್ಟಿದ್ದರೂ ಅದು ಸೋಲುತ್ತದೆ. ನಮ್ಮ ಬೀದರ ಸೀಮೆಯ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ಕಾದ ಗೋಡೆಯ ಮೇಲೆ ಮೂವತ್ತು ವರ್ಷ ತೂಗಿದ ಫೋಟೋದಲ್ಲಿ ಸಯಾನ್ ಉಳಿಯುವುದಾದರೂ ಹೇಗೆ? ತಡೆಯುವ ರಂಗು ಹೋದ ಮೇಲೆ ಕೆಂಪು ಎಲ್ಲ ಕಡೆ ತುಂಬಿಕೊಳ್ಳುತ್ತದೆ. ಹಳೆಯ ಮದುವೆ ಫೋಟೋಗಳು ಮನೆಮನೆಯಲ್ಲೂ ಕೆಂಪಾಗಿರುವುದು ಇದಕ್ಕೇ. ನೇರ ಬಿಸಿಲು ಬಿದ್ದ ಫೋಟೋದ ಕಥೆ ಬೇರೆ. ಅಲ್ಲಿ ಹೆಚ್ಚಾಗಿ ಮಜೆಂಟಾ ಮೊದಲು ಹೋಗಿ, ಮುಖಗಳು ಹಸಿರು ಛಾಯೆಗೆ ತಿರುಗುತ್ತವೆ.

ಪದರಗಳ ಈ ಕ್ರಮ ನೆನಪಿದ್ದರೆ ಗೀರುಗಳೂ ಅರ್ಥವಾಗುತ್ತವೆ. ಮೇಲಿನ ಸಯಾನ್ ಮಾತ್ರ ಕಿತ್ತಿದ್ದರೆ ಗೀರು ಕೆಂಪಗೆ ಕಾಣುತ್ತದೆ, ಮಜೆಂಟಾವೂ ಹೋಗಿದ್ದರೆ ಹಳದಿ, ಮೂರೂ ಹೋಗಿದ್ದರೆ ಬಿಳಿ ಕಾಗದ. ಆಯಿಯ ಕೆನ್ನೆಯ ಮೇಲೆ ಜೋಳದ ಕಾಳಿನಷ್ಟು ಕಲೆಯೊಂದಿತ್ತು: ಅಂಚು ಕೆಂಪು, ಒಳಗೆ ಹಳದಿ, ನಟ್ಟನಡುವೆ ಬಿಳಿ ಚುಕ್ಕೆ. ಅಲ್ಲಿ ಬಣ್ಣ ಕೆಟ್ಟಿರಲಿಲ್ಲ, ಬಣ್ಣವೇ ಇರಲಿಲ್ಲ. ಇಲ್ಲದ ಬಣ್ಣವನ್ನು ತಿದ್ದಲು ಬರುವುದಿಲ್ಲ, ಬೇರೆ ಕಡೆಯಿಂದ ತಂದು ತುಂಬಬೇಕು. ಅದು ಕೊನೆಯ ಕೆಲಸ.

ಮೊದಲ ಕೆಲಸ, ಗಾಜಿಗೆ ಅಂಟಿದ ಫೋಟೋವನ್ನು ಕೀಳದೆ ಇರುವುದು. ಇದನ್ನು ನಾನು ಸಂಕಟದಿಂದಲೇ ಹೇಳುತ್ತಿದ್ದೇನೆ. ಬ್ಲೇಡು ಹಾಕಿ, ಬಿಸಿನೀರು ಹಾಕಿ, ಹೇರ್ ಡ್ರೈಯರ್ ಹಿಡಿದು ಬಿಡಿಸಲು ಹೋಗಿ ಮುಖವೇ ಗಾಜಿಗೆ ಉಳಿದುಬಿಟ್ಟ ಫೋಟೋಗಳನ್ನು ಕಂಡಿದ್ದೇನೆ. ಅಂಟಿದ್ದರೆ ಅಂಟಿಕೊಂಡೇ ಇರಲಿ. ಕಟ್ಟಿನ ಹಿಂದಿನ ರಟ್ಟು, ಮೊಳೆ ಬಿಚ್ಚಿ, ಗಾಜಿನ ಸಮೇತ ಫೋಟೋವನ್ನು ಹೊರಗೆ ತೆಗೆಯಿರಿ. ಹೊರಗೆ ತೆಗೆದಾಗ ಅಂಚುಗಳನ್ನು ನೋಡಿ. ಕಟ್ಟಿನ ತುಟಿಯ ಕೆಳಗೆ ನಾಲ್ಕೈದು ಮಿಲಿಮೀಟರಿನ ಒಂದು ಪಟ್ಟಿ ಬೆಳಕು ಕಾಣದೆ ಉಳಿದಿರುತ್ತದೆ. ಪೂರ್ತಿ ಹೊಸದರಂತೆ ಇರುವುದಿಲ್ಲ, ಆದರೆ ಉಳಿದ ಭಾಗಕ್ಕಿಂತ ಸತ್ಯಕ್ಕೆ ಹತ್ತಿರ ಇರುತ್ತದೆ. ಈ ಫೋಟೋದಲ್ಲಿ ಎಡ ಅಂಚಿನ ಆ ಪಟ್ಟಿಯಲ್ಲಿ ಶಾಮಿಯಾನದ ಬಟ್ಟೆಯ ತುಣುಕೊಂದಿತ್ತು. ಚಿತ್ರದ ಉಳಿದೆಡೆ ಕಿತ್ತಳೆಯಾಗಿ ಕಾಣುತ್ತಿದ್ದ ಬಟ್ಟೆ ಅಲ್ಲಿ ಅಪ್ಪಟ ಹಳದಿಯಾಗಿತ್ತು. ಅದೊಂದು ತುಣುಕು ನನ್ನ ಅರ್ಧ ಅನುಮಾನ ಬಗೆಹರಿಸಿತು.

ಆಗತಾನೆ ನೆನೆದ ಫೋಟೋಗಳಿದ್ದರೆ ಮಾತು ಬೇರೆ. ಅವು ಒಂದಕ್ಕೊಂದು ಅಂಟಿ ಒಣಗಲು ಬಿಡಬೇಡಿ. ಒಂದೆರಡು ದಿನದೊಳಗೆ ತಣ್ಣನೆಯ ಶುದ್ಧ ನೀರಿನಲ್ಲಿ ಮೆಲ್ಲಗೆ ಬೇರ್ಪಡಿಸಿ, ಮುಖ ಮೇಲೆ ಮಾಡಿ ನೆರಳಲ್ಲಿ ಒಣಗಿಸಿ. ಚಿತ್ರದ ಮೇಲ್ಮೈಗೆ ಬೆರಳು ತಾಗಿಸಬಾರದು.

ಗಾಜಿಲ್ಲದ ಫೋಟೋ ಆದರೆ ಸ್ಕ್ಯಾನ್ ಮಾಡಿಸಿ. 600 ಡಿಪಿಐ, 48 ಬಿಟ್ ಕಲರ್, ಟಿಫ್ ಕಡತ. ಅಂಗಡಿಯವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಆಟೋ ಕರೆಕ್ಷನ್ ಬೇಡ, ಕೆಂಪಿದ್ದರೆ ಕೆಂಪಾಗಿಯೇ ಬರಲಿ. ಸ್ಕ್ಯಾನರ್ ತಾನೇ ತಿದ್ದಿದ ಕಡತದಲ್ಲಿ ನಮಗೆ ಬೇಕಾದ ಮಾಹಿತಿ ಕತ್ತರಿಸಿ ಹೋಗಿರುತ್ತದೆ. 48 ಬಿಟ್ ಯಾಕೆಂದರೆ, ಮಾಸಿದ ಫೋಟೋದ ಬಣ್ಣವನ್ನು ನಾವು ಬಹಳ ಎಳೆಯುತ್ತೇವೆ. ಸಾಮಾನ್ಯ ಜೆಪೆಗ್ ಅಷ್ಟು ಎಳೆತಕ್ಕೆ ಕೆನ್ನೆಯ ಮೇಲೆ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಗಾಜಿಗೆ ಅಂಟಿದ್ದರೆ ಈಗಿನ ತೆಳು ಸ್ಕ್ಯಾನರುಗಳು ಗಾಜಿನ ದಪ್ಪಕ್ಕೇ ಮಸುಕಾಗುತ್ತವೆ, ಆಗ ಕ್ಯಾಮೆರಾ ಒಳ್ಳೆಯದು. ಅಂಗಳದ ನೆರಳಲ್ಲಿ ಫೋಟೋ ಇಟ್ಟು, ನಿಮ್ಮ ಬೆನ್ನ ಹಿಂದೆ ಕಪ್ಪು ಕಂಬಳಿ ಹಿಡಿಸಿದರೆ ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಬೀಳದು. ಮೊಬೈಲಾದರೆ ಹತ್ತಿರ ಹೋಗಬೇಡಿ, ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಝೂಮ್ ಮಾಡಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಆ ಹಾಳೆಯನ್ನು ಮೊದಲು ಬಿಳಿ ಮಾಡಿಕೊಂಡರೆ, ನೆರಳಿನ ನೀಲಿ ಯಾವುದು, ಫೋಟೋದ ಕೆಂಪು ಯಾವುದು ಎಂಬುದು ಬೇರೆಯಾಗುತ್ತದೆ.

ನೆಗೆಟಿವ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಅಲ್ಬಮ್ಮಿನ ಹಿಂದಿನ ಲಕೋಟೆಯಲ್ಲಿ ಕಂದು ಬಣ್ಣದ ಪಟ್ಟಿ ಸಿಕ್ಕರೆ ಅದನ್ನೇ ಸ್ಕ್ಯಾನ್ ಮಾಡಿಸಿ, ಈ ಲೇಖನದ ಅರ್ಧ ಕೆಲಸ ತಪ್ಪುತ್ತದೆ. ಈ ಮನೆಯಲ್ಲಿ ಸಿಗಲಿಲ್ಲ.

ಇನ್ನು ಕಂಪ್ಯೂಟರಿನ ಮುಂದೆ. ಮೂಲ ಕಡತವನ್ನು ಮುಟ್ಟದೆ ಒಂದು ಪ್ರತಿ ಮಾಡಿಕೊಳ್ಳಿ. ಕಣ್ಣನ್ನು ನಂಬಬೇಡಿ. ಕಣ್ಣು ಐದು ನಿಮಿಷ ಕೆಂಪು ಚಿತ್ರ ನೋಡಿದರೆ ಅದಕ್ಕೇ ಒಗ್ಗಿಹೋಗುತ್ತದೆ, ತಿದ್ದಿದ್ದು ಸರಿಯಾಗಿದೆ ಎಂದೂ ಹೇಳಿಬಿಡುತ್ತದೆ. ಅಂಕಿ ಹಾಗೆ ಒಗ್ಗುವುದಿಲ್ಲ. ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂದು 0ರಿಂದ 255ರವರೆಗೆ ಮೂರು ಅಂಕಿಗಳಿವೆ. ಕಲರ್ ಪಿಕ್ಕರ್‌ನಿಂದ ಮುಟ್ಟಿದರೆ ಕಾಣುತ್ತವೆ. ಒಂದೇ ಬಿಂದು ಓದಬೇಡಿ, ಸುತ್ತಲಿನ ಹತ್ತು ಹನ್ನೊಂದು ಬಿಂದುಗಳ ಸರಾಸರಿ ತೆಗೆದುಕೊಳ್ಳುವಂತೆ ಹೊಂದಿಸಿ. ಮೂರೂ ಅಂಕಿ ಸಮವಿದ್ದರೆ ಅದು ಬಣ್ಣವಿಲ್ಲದ ಬಿಳಿ, ಬೂದು ಅಥವಾ ಕಪ್ಪು.

ಆಯಿಯ ಕೂದಲಿನ ಅತಿ ಕಪ್ಪಾದ ಜಾಗ ಓದಿದೆ: ಕೆಂಪು 92, ಹಸಿರು 38, ನೀಲಿ 46. ಕಪ್ಪು ಕೂದಲಿನಲ್ಲಿ 92ರಷ್ಟು ಕೆಂಪು! ಸಯಾನ್ ಎಷ್ಟು ಹೋಗಿದೆ ಎಂಬುದು ಅಲ್ಲೇ ಬರೆದಂತಿತ್ತು. ಮುತ್ಯಾನ ಧೋತರ: 246, 228, 196. ಇಲ್ಲಿ ನೀಲಿ ಕಡಿಮೆ, ಅಂದರೆ ಕಾಗದವೇ ಹಳದಿಗಟ್ಟಿದೆ. ಹಾಗಾಗಿ ಕತ್ತಲೆಯಲ್ಲಿ ಒಂದು ರೋಗ, ಬೆಳಕಿನಲ್ಲಿ ಇನ್ನೊಂದು ರೋಗ. ಇಡೀ ಚಿತ್ರಕ್ಕೆ ಒಂದೇ ಸಮನೆ ನೀಲಿಯನ್ನೋ ಹಸಿರನ್ನೋ ಬೆರೆಸಿದರೆ ಇದು ವಾಸಿಯಾಗುವುದಿಲ್ಲ. ಮೊಬೈಲಿನ 'ವಾರ್ಮ್–ಕೂಲ್' ಗುಂಡಿ ಸೋಲುವುದು ಇಲ್ಲಿಯೇ.

ಲೆವೆಲ್ಸ್ ತೆರೆಯಿರಿ. ಗುಡ್ಡದಂತೆ ಕಾಣುವ ನಕ್ಷೆಯ ಕೆಳಗೆ ಮೂರು ತ್ರಿಕೋನಗಳಿರುತ್ತವೆ: ಎಡಕ್ಕೆ ಕಪ್ಪು, ನಡುವೆ ಬೂದು, ಬಲಕ್ಕೆ ಬಿಳಿ. ಅವನ್ನು ಸರಿಸುವ ಮುಂಚೆ, ಹರಿದ ಬಿಳಿ ಜಾಗ, ನೀರಿನ ಕಲೆ, ಕಟ್ಟಿನ ಅಂಚು ಬಿಟ್ಟು ಚೆನ್ನಾಗಿರುವ ಭಾಗವನ್ನಷ್ಟೇ ಸೆಲೆಕ್ಟ್ ಮಾಡಿ ನಕ್ಷೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹರಿದ ಕಾಗದದ ಬಿಳಿಯನ್ನೇ ಚಿತ್ರದ ಬಿಳಿ ಎಂದು ನಕ್ಷೆ ಹೇಳುತ್ತದೆ. ನಂತರ ಸೆಲೆಕ್ಷನ್ ಬಿಟ್ಟು, ಇಡೀ ಚಿತ್ರಕ್ಕೆ ಒಂದೊಂದೇ ಚಾನೆಲ್ ಆರಿಸಿ ಆ ಅಂಕಿಗಳನ್ನು ಕೊಡಿ. ಕೆಂಪು ಚಾನೆಲ್ಲಿನ ಗುಡ್ಡ ಬಲಕ್ಕೆ ಒತ್ತಿಕೊಂಡಿತ್ತು, ಎಡಕ್ಕೆ ಖಾಲಿ ಬಯಲು. ಕಪ್ಪು ತ್ರಿಕೋನವನ್ನು ಗುಡ್ಡದ ಬುಡಕ್ಕೆ, 85ಕ್ಕೆ ತಂದೆ, ಬಿಳಿಯದನ್ನು 248ಕ್ಕೆ. ಹಸಿರು ಚಾನೆಲ್ಲಿನಲ್ಲಿ 32 ಮತ್ತು 232. ನೀಲಿಯಲ್ಲಿ 40 ಮತ್ತು 200. ಕೂದಲು 11, 8, 10ಕ್ಕೆ ಇಳಿಯಿತು, ಧೋತರ 252, 250, 249ಕ್ಕೆ ಏರಿತು. ಕೆಂಪು ಪರದೆ ಸರಿದಂತೆ ಹಿಂದಿನ ತೋರಣದ ಮಾವಿನೆಲೆ ಮೂವತ್ತು ಚಿಲ್ಲರೆ ವರ್ಷಗಳ ನಂತರ ಹಸಿರಾಯಿತು. ಈ ಗಳಿಗೆಯನ್ನು ಎಷ್ಟು ಸಲ ಕಂಡರೂ ನನಗೆ ಬೇಸರ ಬಂದಿಲ್ಲ.

ಧೋತರ ತೀರಾ ಸಮವಾದ ಬಿಳಿ ಆಗಲು ನಾನು ಬಿಡಲಿಲ್ಲ. ನಮ್ಮ ಕಡೆ ಬಿಳಿ ಬಟ್ಟೆಯನ್ನು ನೀಲಿ ಹಾಕಿ ಹಿಂಡುತ್ತಿದ್ದರು. ಹೊಸದಾಗಿ ಒಗೆದ ಧೋತರ ನಿಜಕ್ಕೂ ತುಸು ನೀಲಿಯಾಗಿರುತ್ತದೆ, ಅದನ್ನು ಬಣ್ಣವಿಲ್ಲದ ಬಿಳಿ ಎಂದು ಗುರುತಿಟ್ಟು ಕ್ಲಿಕ್ಕಿಸಿದರೆ ಎಲ್ಲರ ಮುಖ ಹಳದಿಗೆ ಜಾರುತ್ತದೆ. ಹಳೆಯ ಧೋತರವಾದರೆ ತುಸು ಕೆನೆಬಣ್ಣ. ಹಣೆಯ ವಿಭೂತಿ ಬೂದಿಯದೇ ಆದ್ದರಿಂದ ಹೆಚ್ಚು ನಂಬಿಕಸ್ತ, ದಪ್ಪಗೆ ಧರಿಸಿದ್ದರೆ ಮಾತ್ರ. ತೆಳುವಾಗಿದ್ದರೆ ಕೆಳಗಿನ ಚರ್ಮದ ಬಣ್ಣ ಇಣುಕುತ್ತದೆ. ಸ್ಟೀಲಿನ ತಂಬಿಗೆ, ಕಲ್ಲಿನ ಗೋಡೆ, ಕೈಗಡಿಯಾರದ ಪಟ್ಟಿ ಇವೂ ಸಾಕ್ಷಿ ಹೇಳುತ್ತವೆ. ಒಂದನ್ನೇ ನಂಬದೆ ಮೂರು ಕಡೆ ಓದಿ, ಮೂರೂ ಒಪ್ಪುವ ಕಡೆಗೆ ಹೋಗಿ.

ಈಗ ಮುಖ. ಲೆವೆಲ್ಸ್ ಮುಗಿದಾಗ ಆಯಿಯ ಹಣೆ 188, 122, 108 ಎಂದಿತ್ತು. ನೋಡಲು ಪರವಾಗಿಲ್ಲ ಅನಿಸುತ್ತಿತ್ತು, ಆದರೆ ಏನೋ ಗುಲಾಬಿ, ಜ್ವರ ಬಂದವರ ಕೆಂಪು. ಮನುಷ್ಯರ ಚರ್ಮಕ್ಕೆ ಒಂದು ಕ್ರಮವಿದೆ: ಕೆಂಪು ಎಲ್ಲಕ್ಕಿಂತ ಹೆಚ್ಚು, ನಂತರ ಹಸಿರು, ಕೊನೆಗೆ ನೀಲಿ. ಬೆಳ್ಳಗಿನವರಿಗೂ ಕರ್ರಗಿನವರಿಗೂ ಇದೇ ಕ್ರಮ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಮತ್ತು ರಕ್ತ, ಅವೆರಡೂ ಎಲ್ಲರಲ್ಲೂ ಒಂದೇ. ಆದ್ದರಿಂದಲೇ ದೂರದರ್ಶನ, ಸಿನಿಮಾಗಳ ಬಣ್ಣ ಹದಗೊಳಿಸುವವರು ತಮ್ಮ ಮಾಪಕದಲ್ಲಿ ಕೆಂಪು ಮತ್ತು ಹಳದಿಯ ನಡುವೆ ಒಂದೇ ಗೆರೆ ಇಟ್ಟುಕೊಂಡು, ಯಾವ ದೇಶದ ಮುಖವಾದರೂ ಅದರ ಆಸುಪಾಸಿಗೆ ತರುತ್ತಾರೆ. ಗಿಂಪ್‌ನ ಪಿಕ್ಕರಿನಲ್ಲಿ ಎಚ್‌ಎಸ್‌ವಿ ಆರಿಸಿದರೆ 'ಹ್ಯೂ' ಎಂಬ ಒಂದು ಅಂಕಿ ಬರುತ್ತದೆ, ಚರ್ಮಕ್ಕೆ ಅದು ಸಾಮಾನ್ಯವಾಗಿ 20ರ ಅಕ್ಕಪಕ್ಕ ಇರುತ್ತದೆ. 10ಕ್ಕೆ ಇಳಿದರೆ ಗುಲಾಬಿ, 30 ದಾಟಿದರೆ ಕಾಮಾಲೆಯ ಹಳದಿ. ಆಯಿಯದು 10ರಲ್ಲಿತ್ತು.

ಕೆಂಪು ಚಾನೆಲ್ಲಿನ ನಡುವಿನ ಬೂದು ತ್ರಿಕೋನವನ್ನು 1.00ರಿಂದ 0.85ಕ್ಕೆ, ನೀಲಿಯದನ್ನೂ 0.85ಕ್ಕೆ ಇಟ್ಟೆ. ಹಣೆ 178, 122, 93 ಆಯಿತು, ಹ್ಯೂ 20. ಗುಲಾಬಿ ಇಳಿದು ಮಣ್ಣಿನ ಕಾವು ಬಂತು. ಗಲ್ಲದ ಹಚ್ಚೆ, ಅಲ್ಲಿಯವರೆಗೆ ಕಂದು ಚುಕ್ಕೆಯಂತೆ ಕಾಣುತ್ತಿದ್ದದ್ದು, ಹಸಿರುಗಪ್ಪಾಗಿ ಎದ್ದಿತು. ಹಳೆಯ ಹೆಂಗಸರ ಹಚ್ಚೆ ನಾವೆಲ್ಲ ನೋಡಿ ಬಲ್ಲ ಬಣ್ಣದ್ದು. ಅದು ಸರಿಯಾಗಿ ಬಂದರೆ ಸುತ್ತಲಿನ ಚರ್ಮವೂ ಸರಿಯಾಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಹ್ಯೂ ಸರಿಯಾಯಿತೆಂದರೆ ಚರ್ಮದ ಛಾಯೆ ಸಿಕ್ಕಿತು, ಎಷ್ಟು ಕಪ್ಪು ಎಂಬುದು ಇನ್ನೂ ಸಿಕ್ಕಿಲ್ಲ. ಅದು ಬೆಳಕಿನ ಮಾತು, ಬಣ್ಣದ ಮಾತಲ್ಲ. ಮಾಸಿದ ಫೋಟೋ ಎಲ್ಲರ ಬಣ್ಣವನ್ನೂ ತೆಳುವಾಗಿ ತೋರಿಸುತ್ತದೆ. ಮದುವೆ ಫೋಟೋದಲ್ಲಿ ಎದುರಿನಿಂದ ಹೊಡೆದ ಫ್ಲಾಶ್ ಮುಂದಿದ್ದವರನ್ನು ಇನ್ನೂ ಬೆಳ್ಳಗೆ ಮಾಡಿರುತ್ತದೆ. ಇಲ್ಲಿ ತಂತ್ರಾಂಶದ ಅಂಕಿ ನಮಗೆ ಏನೂ ಹೇಳುವುದಿಲ್ಲ, ಮನೆಯವರು ಹೇಳಬೇಕು. ನಾನು ಮೊಮ್ಮಗನಿಗೆ ಅವನ ಅವ್ವನನ್ನು ಕರೆತರಲು ಹೇಳಿದೆ. ಬಂದರು. ಪರದೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗು ಸರಿಸಿ ತಮ್ಮ ಮುಂಗೈ ಮುಂದೆ ಹಿಡಿದರು.

"ನನ್ನ ಬಣ್ಣ ನಮ್ಮವ್ವಂದೇ ರೀ. ಇನ್ನಾ ಒಂದೀಟು ಕರ್ರಗ ಇದ್ದಳು. ತೊಗರಿ ರಾಶಿಗಿ ಹ್ವಾದರ ಮಾರಿ ಪೂರಾ ಸುಡ್ತಿತ್ತು."

ಆ ಕೈಯನ್ನು ಬಾಗಿಲ ನೆರಳಲ್ಲಿ ಮೊಬೈಲಿನಿಂದ ತೆಗೆದು, ಪಕ್ಕದಲ್ಲಿಟ್ಟುಕೊಂಡು ಆಯಿಯ ಮುಖದ ಬೆಳಕನ್ನು ಇಳಿಸಿದೆ. ಕರ್ವ್ಸ್ ಎಂಬ ಸಾಧನದಲ್ಲಿ ಮೂರೂ ಚಾನೆಲ್ ಒಟ್ಟಿಗೆ, ಗೆರೆಯ ನಡುವನ್ನು ಸ್ವಲ್ಪ ಕೆಳಕ್ಕೆ. "ಹಾಂ, ಇಲ್ಲಿಗಿ ನಿಂದರಸ್ರಿ" ಎಂದರು. ನಿಲ್ಲಿಸಿದೆ.

ಬಹಳ ಜನ ನನ್ನ ಬಳಿ ಬಂದು, ಕೈ ಕಟ್ಟಿಕೊಂಡು, "ಸ್ವಲ್ಪ ಕಲರ್ ಬರೂಹಂಗ ಮಾಡ್ರಿ" ಎಂದು ಕೇಳುತ್ತಾರೆ. ಕಲರ್ ಎಂದರೆ ಬಿಳುಪು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಸತ್ತವರು ಚೆಂದ ಕಾಣಲಿ ಎಂಬ ಆಸೆ ತಪ್ಪಲ್ಲ. ಆದರೂ ನಾನು ಒಪ್ಪುವುದಿಲ್ಲ. ಹೊಲದಲ್ಲಿ ದುಡಿದು ಮನೆ ಕಟ್ಟಿದವಳ ಮೈಬಣ್ಣ ಅವಳ ಬದುಕಿನದೇ ಭಾಗ, ಅದನ್ನು ಕಲೆಯಂತೆ ಒರೆಸಿ ಹಾಕುವ ಹಕ್ಕು ನನಗಿಲ್ಲ. ಈ ಅನ್ಯಾಯ ಹೊಸದೂ ಅಲ್ಲ. ಕೊಡಾಕ್ ಕಂಪನಿ ಪ್ರಯೋಗಾಲಯಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ, 'ಶರ್ಲಿ ಕಾರ್ಡ್' ಎಂದು ಕರೆಯುತ್ತಿದ್ದ ಆ ಕಾರ್ಡುಗಳಲ್ಲಿ, ದಶಕಗಳ ಕಾಲ ಇದ್ದದ್ದು ಬಿಳಿ ಚರ್ಮದ ಹೆಣ್ಣಿನ ಮುಖ. ಬೇರೆ ಬೇರೆ ಮೈಬಣ್ಣದ ಹೆಣ್ಣುಮಕ್ಕಳು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಇಂದಿನ ಆ್ಯಪ್‌ಗಳು ಮುಖವನ್ನು ತಿದ್ದುವಾಗ ತಾವು ಕಲಿತ ಮುಖಗಳನ್ನೇ ನಮ್ಮವರ ಮೇಲೆ ಹೊದಿಸುತ್ತವೆ. ಮೂಗುತಿಯ ಹರಳು ಹೋಗುತ್ತದೆ, ಸಿಡುಬಿನ ಕಲೆ ಹೋಗುತ್ತದೆ. ಸಿಡುಬು ಈ ದೇಶದಿಂದ ತೊಲಗಿದ್ದು 1975ರಲ್ಲಿ, ಅದಕ್ಕೂ ಮುಂಚೆ ಹುಟ್ಟಿದ ಎಷ್ಟೋ ಜನರ ಮುಖದಲ್ಲಿ ಆ ಕಲೆಯೇ ಗುರುತು. ಆ್ಯಪ್ ಬಳಸಲೇಬೇಕೆಂದರೆ ಗೋಡೆ, ನೆಲ, ಬಟ್ಟೆಯ ಗೀರುಗಳಿಗೆ ಬಳಸಿ. ಮುಖವನ್ನು ಅದರ ಕೈಗೆ ಕೊಡಬೇಡಿ.

ಹಳದಿಯ ಬಗ್ಗೆ ಒಂದು ಎಚ್ಚರ. ಮದುಮಗಳ ಕೈ ಮತ್ತು ಕುತ್ತಿಗೆ ತಿದ್ದಿದ ಮೇಲೂ ಹ್ಯೂ 34ರಲ್ಲೇ ನಿಂತಿತು. ಬಣ್ಣ ಕೆಟ್ಟಿದೆ ಎಂದು ಕೈ ಹಾಕುವ ಮುಂಚೆ ನೆನಪಾಯಿತು, ಅರಿಷಿಣ ಹಚ್ಚಿದ ಮೈ ಅದು. ಅವಳ ಪಕ್ಕದ ಮದುಮಗನ ಮುಂಗೈಯೂ ಹಾಗೇ ಇತ್ತು, ಹಿಂದೆ ನಿಂತವರದು ಮಾತ್ರ ಇರಲಿಲ್ಲ. ಅದನ್ನು ಹಾಗೇ ಬಿಟ್ಟೆ. ಮದುವೆಯ ಅರಿಷಿಣವನ್ನು ಗಣಕದಲ್ಲಿ ತೊಳೆದ ಫೋಟೋಗಳನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ.

ಶಾಮಿಯಾನ ಇನ್ನೊಂದು. ಕೆಂಪು ಹಳದಿ ಬಟ್ಟೆಯ ಕೆಳಗೆ ಹಗಲಲ್ಲಿ ತೆಗೆದ ಫೋಟೋದಲ್ಲಿ ಬಟ್ಟೆಯಿಂದ ಸೋಸಿ ಬಂದ ಬೆಳಕು ತಲೆ, ಭುಜಗಳ ಮೇಲೆ ಬಿದ್ದಿರುತ್ತದೆ. ಅದು ಫೋಟೋ ಹಾಳಾದ್ದರಿಂದ ಬಂದದ್ದಲ್ಲ, ಆ ಹೊತ್ತು ಅಲ್ಲಿ ಇದ್ದದ್ದೇ. ಪೂರ್ತಿ ತೆಗೆದರೆ ಜನ ಬೇರೆಲ್ಲೋ ನಿಂತಂತೆ ಕಾಣುತ್ತಾರೆ. ನಾನು ಅರ್ಧದಷ್ಟು ಇಳಿಸಿ ಬಿಡುತ್ತೇನೆ. ಟ್ಯೂಬ್‌ಲೈಟಿನ ಹಸಿರು ಮಾತ್ರ ಯಾರಿಗೂ ಒಪ್ಪುವುದಿಲ್ಲ. ಹಸಿರು ಚಾನೆಲ್ಲಿನ ನಡುಭಾಗ ತುಸು ಇಳಿಸಿದರೆ ಹೋಗುತ್ತದೆ.

ನೀರಿನ ಗೆರೆಗೆ ಬೇರೆ ದಾರಿ. ಗೆರೆಯ ಆಚೆ ಈಚೆ ಎರಡೂ ಕಡೆ ಇರುವ ಒಂದೇ ವಸ್ತುವನ್ನು ಹುಡುಕಬೇಕು. ಇಲ್ಲಿ ಆಯಿಯ ಹಸಿರು ಸೀರೆಯ ಸೆರಗು ಗೆರೆಯ ಎರಡೂ ಕಡೆ ಇತ್ತು. ಒಣ ಭಾಗದ ಸೀರೆಯ ಅಂಕಿ ಬರೆದಿಟ್ಟುಕೊಂಡು, ಕಲೆಯ ಭಾಗವನ್ನಷ್ಟೇ ಸೆಲೆಕ್ಟ್ ಮಾಡಿ, ಅಂಚನ್ನು ಮೆದುವಾಗಿಸಿ, ಕರ್ವ್ಸ್‌ನಲ್ಲಿ ಒಂದೊಂದೇ ಚಾನೆಲ್ ಸರಿಸುತ್ತ ಅದೇ ಅಂಕಿಗೆ ತಂದೆ. ಸೀರೆ ಕೂಡಿಕೊಂಡಾಗ ಭುಜವೂ ತಾನಾಗಿ ಕೂಡಿಕೊಂಡಿತು. ಗೆರೆ ಇದ್ದಲ್ಲಿ ಉಳಿದ ತೆಳು ಕಂದು ದಾರದಂಥದ್ದನ್ನು ಹೀಲಿಂಗ್ ಬ್ರಷ್‌ನಿಂದ ಅಳಿಸಿದೆ. ಈ ಬ್ರಷ್ಷಿನ ಕೆಲಸ ಯಾವಾಗಲೂ ಬಣ್ಣ ತಿದ್ದಿದ ಮೇಲೆಯೇ. ಮೊದಲೇ ಮಾಡಿದರೆ ತೇಪೆಯ ಬಣ್ಣ ಒಂದು, ಸುತ್ತಲಿನ ಬಣ್ಣ ಒಂದು ಆಗಿ ಆಮೇಲೆ ಎದ್ದು ಕಾಣುತ್ತದೆ. ಕೆನ್ನೆಯ ಜೋಳದ ಕಾಳಿನಷ್ಟು ಕಲೆಗೆ ಅದೇ ಕೆನ್ನೆಯ, ಅದೇ ಬೆಳಕು ಬಿದ್ದ ಜಾಗದಿಂದ ಚರ್ಮ ತಂದೆ. ಆ ಕಡೆಯ ಕೆನ್ನೆ ಸುಲಭವಿತ್ತು, ಆದರೆ ಅಲ್ಲಿ ನೆರಳಿತ್ತು.

ಕಪ್ಪು ಬಿಳುಪು ಫೋಟೋ ಇದ್ದವರಿಗೆ ಎರಡು ಮಾತು. ಅಲ್ಲಿ ಚಿತ್ರ ಇರುವುದು ಬೆಳ್ಳಿಯ ಕಣಗಳಲ್ಲಿ. ತೊಳೆಯುವಾಗ ಹೈಪೋ ಎಂಬ ರಾಸಾಯನಿಕ ಸರಿಯಾಗಿ ಹೋಗದಿದ್ದರೆ ಅದರ ಗಂಧಕ ಬೆಳ್ಳಿಯನ್ನು ತಿಂದು ಫೋಟೋ ಹಳದಿಗಂದು ಆಗುತ್ತದೆ. ಸ್ಕ್ಯಾನನ್ನು ಬಣ್ಣದಲ್ಲೇ ಮಾಡಿಸಿ, ಮೂರು ಚಾನೆಲ್ಲುಗಳನ್ನು ಬೇರೆ ಬೇರೆ ನೋಡಿ. ಹಳದಿ ಕಲೆ ಕೆಂಪು ಚಾನೆಲ್ಲಿನಲ್ಲಿ ಅತಿ ಕಡಿಮೆ ಕಾಣುತ್ತದೆ, ಹಳದಿಯಾಗಿ ಮಾಸಿದ ಚಿತ್ರ ನೀಲಿ ಚಾನೆಲ್ಲಿನಲ್ಲಿ ಗಟ್ಟಿಯಾಗಿ ಏಳುತ್ತದೆ. ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದು ಬಿಡಿ. ನಿಜಾಮರ ಕಾಲದ ಕೆಲವು ಮನೆಗಳಲ್ಲಿ ಕಪ್ಪು ಬಿಳುಪು ಫೋಟೋದ ಮೇಲೆ ಕುಂಚದಿಂದ ಬಣ್ಣ ಹಚ್ಚಿಸಿದವು ಸಿಗುತ್ತವೆ: ಕೆನ್ನೆಗೆ ಗುಲಾಬಿ, ಒಡವೆಗೆ ಚಿನ್ನದ ಹಳದಿ. ಅಲ್ಲಿನ ಬಣ್ಣ ಮುಖದ್ದಲ್ಲ, ಚಿತ್ರಗಾರನದು. ಅದರ ಮೇಲೆ ಚರ್ಮದ ಅಂಕಿಗಳನ್ನು ಹೇರಬೇಡಿ. ಕಾಗದದ ಹಳದಿ ತೆಗೆದು, ಅವನ ಕೈಕೆಲಸ ಹಾಗೇ ಇರಲಿ.

ಕಂಪ್ಯೂಟರ್ ಇಲ್ಲದವರು ಮೊಬೈಲಿನ ಸ್ನ್ಯಾಪ್‌ಸೀಡ್‌ನಲ್ಲಿ ಕರ್ವ್ಸ್ ತೆರೆದರೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ಸಿಗುತ್ತವೆ. ಗೆರೆಯ ಎಡತುದಿಯನ್ನು ತಳದಗುಂಟ ಬಲಕ್ಕೆ ಸರಿಸುವುದೆಂದರೆ ಲೆವೆಲ್ಸ್‌ನ ಕಪ್ಪು ತ್ರಿಕೋನ ಸರಿಸಿದಂತೆಯೇ. ಅಂಕಿ ಓದುವ ಅನುಕೂಲ ಇಲ್ಲ, ಆದರೂ ಒಂದೇ ಗುಂಡಿಯ 'ಆಟೋ'ಗಿಂತ ಎಷ್ಟೋ ಮೇಲು. ಫೋನಿನ ಪರದೆಯ ಕಣ್ಣು ಕಾಪಾಡುವ ಹಳದಿ ಬೆಳಕು, 'ವಿವಿಡ್' ಬಣ್ಣ ಎರಡನ್ನೂ ಮೊದಲು ಆಫ್ ಮಾಡಿ. ಅವು ಹೊತ್ತಿದ್ದರೆ ನೀವು ತಿದ್ದುವುದು ಪರದೆಯನ್ನು, ಫೋಟೋವನ್ನಲ್ಲ.

ಪ್ರಿಂಟಿಗೆ ಕೊಡುವಾಗ ಎಸ್‌ಆರ್‌ಜಿಬಿ ಕಡತ ಕೊಟ್ಟು, ಲ್ಯಾಬಿನಲ್ಲಿ "ನೋ ಕರೆಕ್ಷನ್" ಎಂದು ಬರೆಸಿ. ದೊಡ್ಡದು ತೆಗೆಸುವ ಮುಂಚೆ ಒಂದು 4×6 ತೆಗೆಸಿ, ಹಗಲು ಬೆಳಕಿನಲ್ಲಿ ಮನೆಯ ಹಿರಿಯರಿಗೆ ತೋರಿಸಿ. ನಾನು ಕಳಿಸಿದ ಮೊದಲ ಕಡತ ಸರಿಯಿದ್ದರೂ ಪ್ರಿಂಟು ಒಂದು ಮೆಟ್ಟಿಲು ಬೆಳ್ಳಗೆ ಬಂದಿತ್ತು. ಹೇಳಿ ಮತ್ತೆ ತೆಗೆಸಬೇಕಾಯಿತು.

ಎರಡನೆಯ ಪ್ರಿಂಟು ಸರಿಯಿತ್ತು. ಅದಕ್ಕೆ ಕಟ್ಟು ಹಾಕಿಸುವಾಗ ಫೋಟೋ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಚೌಕಟ್ಟು ಇಡಿಸಿದೆ. ಹಳೆಯದನ್ನು ಗಾಜಿನ ಸಮೇತ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಕೊಟ್ಟು, ಮಾಳಿಗೆಯ ಕೆಳಗಿನ ಟ್ರಂಕಿನಲ್ಲಿ ಬೇಡ, ಮನೆಯಲ್ಲಿ ಅತಿ ತಂಪಾದ ಒಣ ಜಾಗದಲ್ಲಿಡಿ ಎಂದೆ. ಕಡತದ ಎರಡು ಪ್ರತಿ, ಒಂದು ಮೊಮ್ಮಗನ ಬಳಿ, ಒಂದು ಪುಣೆಯಲ್ಲಿರುವ ಅವನ ಅಣ್ಣನ ಬಳಿ.

ಕಟ್ಟು ಕೊಡಲು ನಾನೇ ಕೊಹಿನೂರಿಗೆ ಹೋಗಿದ್ದೆ. ಮೊಮ್ಮಗ ಹಳೆಯ ಮೊಳೆಗೇ ತೂಗುಹಾಕಲು ಸ್ಟೂಲು ಹತ್ತಿದ. ಬಿಸಿಲಿಗೆ ಕಾಯುವ ಗೋಡೆ ಅದು. ಇಲ್ಲಿ ಬೇಡ ಎಂದೆ. ಅವನ ಅವ್ವ ಒಳಕೋಣೆಯ ನೆರಳು ಗೋಡೆ ತೋರಿಸಿದರು, ಮೊಳೆ ಹೊಡೆಸಿದರು, ಕಟ್ಟು ಏರಿದ ಮೇಲೆ ಸೆರಗಿನಿಂದ ಗಾಜು ಒರೆಸಿದರು. ಆಮೇಲೆ ಮನೆಯ ಸಣ್ಣ ಹುಡುಗಿಯನ್ನು ಎತ್ತಿಕೊಂಡು ಗಲ್ಲದ ಹಚ್ಚೆಯ ಮೇಲೆ ಬೆರಳಿಟ್ಟು ಹೇಳಿದರು: "ನೋಡವಾ, ನಮ್ಮವ್ವ."